ಆಲೂಗಡ್ಡೆ ಬೇರಲ್ಲ, ‘ತಿಂಗಳು’ ಬಹುವಚನವಲ್ಲ: ರಚನೆಯನ್ನು ಓದುವ ಬಗೆ

ಆಲೂಗಡ್ಡೆ ಮಣ್ಣಿನೊಳಗೆ ಬೆಳೆಯುತ್ತದೆ, ನೋಡಲು ಬೇರಿನಂತೆಯೇ ಇರುತ್ತದೆ, ಬೇರಿನಂತೆಯೇ ಆಹಾರವನ್ನು ಕೂಡಿಡುತ್ತದೆ. ಆದರೂ ಸಸ್ಯಶಾಸ್ತ್ರಜ್ಞರು ಅದನ್ನು ಕಾಂಡ ಎನ್ನುತ್ತಾರೆ. ‘ತಿಂಗಳು’ ಎಂಬ ಪದದ ಕೊನೆಯಲ್ಲಿ ‘ಗಳು’ ಸ್ಪಷ್ಟವಾಗಿ ಕೇಳಿಸುತ್ತದೆ. ಆದರೂ ಅದು ಏಕವಚನ. ಈ ಎರಡು ತೀರ್ಮಾನಗಳ ಹಿಂದಿರುವ ತರ್ಕ ಒಂದೇ: ಒಂದು ಭಾಗ ಯಾವುದು ಎಂಬುದನ್ನು ಅದರ ಆಕಾರವೂ ಹೇಳುವುದಿಲ್ಲ, ಅದು ಮಾಡುವ ಕೆಲಸವೂ ಹೇಳುವುದಿಲ್ಲ. ಅದು ಎಲ್ಲಿ ಕೂತಿದೆ, ಅಕ್ಕಪಕ್ಕದ ಭಾಗಗಳೊಂದಿಗೆ ಹೇಗೆ ಕೂಡಿಕೊಂಡಿದೆ ಎಂಬುದು ಹೇಳುತ್ತದೆ.

ಜೀವಿಗಳ ಮತ್ತು ಪದಗಳ ಒಳರಚನೆಯನ್ನು ಹೀಗೆ ಬಿಡಿಸಿ ನೋಡುವ ಶಾಸ್ತ್ರಕ್ಕೆ ರೂಪವಿಜ್ಞಾನ ಎಂದು ಹೆಸರು. ಭಾಷೆಯ ಮಟ್ಟಿಗೆ ಆಕೃತಿಮಾ ವಿಜ್ಞಾನ ಎನ್ನುವುದೂ ಉಂಟು. ಜರ್ಮನ್ ಕವಿ ಗಯಟೆ 1790ರಲ್ಲಿ ಸಸ್ಯಗಳ ರೂಪಾಂತರದ ಬಗ್ಗೆ ಬರೆದು, ಬೀಜದಳ, ಎಲೆ, ಎಸಳು, ಕೇಸರಗಳೆಲ್ಲ ಒಂದೇ ಮೂಲ ಅಂಗದ ಬೇರೆ ಬೇರೆ ರೂಪಗಳು ಎಂದು ವಾದಿಸಿದ. ಈ ಶಾಸ್ತ್ರಕ್ಕೆ ಮಾರ್ಫಾಲಜಿ ಎಂಬ ಹೆಸರನ್ನು ಬಳಕೆಗೆ ತಂದವರಲ್ಲಿ ಅವನೂ ಒಬ್ಬ. ಅದನ್ನು ಭಾಷೆಯ ಅಧ್ಯಯನಕ್ಕೆ ತಂದವನು ಜರ್ಮನ್ ಭಾಷಾಶಾಸ್ತ್ರಜ್ಞ ಆಗಸ್ಟ್ ಶ್ಲೈಶರ್, 1859ರಲ್ಲಿ. ಹೆಸರು ಹೊಸದಾದರೂ ಕೆಲಸ ಬಹಳ ಹಳೆಯದು. ಪಾಣಿನಿ ಸುಮಾರು 4000 ಸೂತ್ರಗಳಲ್ಲಿ ಸಂಸ್ಕೃತದ ಪದಗಳನ್ನು ಪ್ರಕೃತಿ, ಪ್ರತ್ಯಯಗಳಾಗಿ ಒಡೆದು ಮತ್ತೆ ಕಟ್ಟಿ ತೋರಿಸಿ ಎರಡು ಸಾವಿರ ವರ್ಷಗಳ ಮೇಲಾಗಿದೆ. 13ನೇ ಶತಮಾನದ ಕೇಶಿರಾಜ ಕನ್ನಡಕ್ಕೆ ಮಾಡಿದ್ದೂ ಇದೇ ಬಗೆಯ ಕೆಲಸವನ್ನು.

ಮೊದಲು ಸ್ಥಾನ ನೋಡಿ

ಆಲೂಗಡ್ಡೆಯನ್ನು ಕೈಗೆ ತೆಗೆದುಕೊಳ್ಳಿ. ಅದರ ‘ಕಣ್ಣು’ಗಳು ಎಲ್ಲೆಂದರಲ್ಲಿ ಇರುವುದಿಲ್ಲ. ಒಂದು ತುದಿಯಿಂದ ಇನ್ನೊಂದು ತುದಿಗೆ ಸುರುಳಿಯಾಗಿ ಏರುತ್ತವೆ, ಒಂದು ತುದಿಯಲ್ಲಿ ಒತ್ತೊತ್ತಾಗಿರುತ್ತವೆ. ಆ ಒತ್ತಾದ ತುದಿಯೇ ಬೆಳೆಯುವ ತುದಿ. ಎದುರು ತುದಿಯಲ್ಲಿ, ತಾಯಿಗಿಡಕ್ಕೆ ಅಂಟಿಕೊಂಡಿದ್ದ ಕಡೆ, ಸಣ್ಣ ಗಾಯದ ಗುರುತು ಇರುತ್ತದೆ. ಪ್ರತಿ ಕಣ್ಣಿನ ಪಕ್ಕದಲ್ಲಿ ಹುಬ್ಬಿನಂಥ ಒಂದು ಗೆರೆ ಕಾಣುತ್ತದೆ. ಅದು ಉದುರಿಹೋದ ಪುಟ್ಟ ಹುರುಪೆ ಎಲೆಯ ಕಲೆ. ಅಂದರೆ ಎಲೆ, ಎಲೆಯ ಕಂಕುಳಲ್ಲಿ ಮೊಗ್ಗು, ಮತ್ತೆ ಎಲೆ, ಮತ್ತೆ ಮೊಗ್ಗು: ಇದು ಯಾವುದೇ ರೆಂಬೆಯ ವಿನ್ಯಾಸ. ಕಣ್ಣಿರುವ ಜಾಗ ಗೆಣ್ಣು, ಎರಡು ಕಣ್ಣುಗಳ ನಡುವಿನದು ಎರಡು ಗೆಣ್ಣುಗಳ ನಡುವಿನ ಭಾಗ. ಬೆಳಕಿಗಿಟ್ಟರೆ ಹಸಿರಾಗುವುದು ಇದಕ್ಕೆ ಪೂರಕ ಸುಳಿವು ಅಷ್ಟೇ. ಕೆಲವು ಬೇರುಗಳೂ ಬೆಳಕಿನಲ್ಲಿ ಹಸಿರಾಗುವುದರಿಂದ ಆ ಒಂದನ್ನೇ ನಂಬಿ ತೀರ್ಪು ಕೊಡಬಾರದು.

ಗೆಣಸಿನಲ್ಲಿ ಈ ವಿನ್ಯಾಸ ಹುಡುಕಿ, ಸಿಗುವುದಿಲ್ಲ. ಎಲೆಯ ಕಲೆಯಿಲ್ಲ, ಗೆಣ್ಣಿಲ್ಲ. ಚಿಗುರು ಬಂದರೂ ಎಲೆಯ ಕಂಕುಳಿನಿಂದ ಬಂದದ್ದಲ್ಲ. ಅದು ಊದಿದ ಬೇರು. ಶುಂಠಿಯಲ್ಲಿ ಸುತ್ತ ಉಂಗುರದಂಥ ಎಲೆಗುರುತುಗಳಿವೆ, ಹಾಗಾಗಿ ಕಾಂಡ. ಈರುಳ್ಳಿಯಲ್ಲಿ ಕಾಂಡವೆಂಬುದು ಬುಡದಲ್ಲಿ ಬೇರು ಹೊರಟಿರುವ ಚಪ್ಪಟೆ ಬಿಲ್ಲೆ ಮಾತ್ರ, ಉಳಿದ ಪದರಗಳೆಲ್ಲ ಎಲೆಯ ಬುಡಗಳು. ಬಾಳೆಯ ‘ಕಂಬ’ ಕೂಡ ಒಂದರೊಳಗೊಂದು ಸುತ್ತಿಕೊಂಡ ಎಲೆಬುಡಗಳ ಕಟ್ಟು. ನಿಜವಾದ ಕಾಂಡ ನೆಲದೊಳಗಿರುತ್ತದೆ, ಗೊನೆ ಬಿಡುವಾಗ ಮಾತ್ರ ಆ ಕಟ್ಟಿನ ನಡುವೆ ಮೇಲೇರುತ್ತದೆ.

ಮುಳ್ಳು ಇನ್ನೂ ಒಳ್ಳೆಯ ಪರೀಕ್ಷೆ, ಏಕೆಂದರೆ ಎಲ್ಲ ಮುಳ್ಳುಗಳ ಆಕಾರವೂ ಕೆಲಸವೂ ಒಂದೇ. ನಿಂಬೆಯ ಮುಳ್ಳು ಎಲೆಯ ಕಂಕುಳಿನಿಂದ ಹೊರಡುತ್ತದೆ. ಆ ಜಾಗ ರೆಂಬೆಗೆ ಸೇರಿದ್ದು, ಆದ್ದರಿಂದ ಅದು ಮಾರ್ಪಟ್ಟ ರೆಂಬೆ. ಪಾಪಾಸುಕಳ್ಳಿಯ ಮುಳ್ಳುಗಳು ಎಲೆಗಳ ಮಾರ್ಪಾಡು, ಹಸಿರಾಗಿ ಚಪ್ಪಟೆಯಾಗಿರುವುದು ಕಾಂಡ. ಗುಲಾಬಿಯ ಮುಳ್ಳು ಇವೆರಡೂ ಅಲ್ಲ. ಗೆಣ್ಣಿಗೂ ಅದಕ್ಕೂ ಸಂಬಂಧವಿಲ್ಲ, ಕಾಂಡದ ಮೇಲೆ ಎಲ್ಲಿ ಬೇಕಾದರೂ ಏಳುತ್ತದೆ, ಪಕ್ಕಕ್ಕೆ ಒತ್ತಿದರೆ ಸಿಪ್ಪೆಯೊಂದಿಗೆ ಲಟಕ್ಕನೆ ಕಳಚುತ್ತದೆ. ನೀರು, ಆಹಾರ ಸಾಗಿಸುವ ನಾಳಗಳು ಅದರೊಳಗೆ ಹೋಗಿಲ್ಲ. ಅದು ಹೊರಚರ್ಮದಿಂದ ಎದ್ದ ಬೆಳವಣಿಗೆ.

ಎಲೆ ಯಾವುದು, ಎಲೆಗಳಿರುವ ಕಡ್ಡಿ ಯಾವುದು ಎಂಬ ಗೊಂದಲಕ್ಕೂ ಇದೇ ಮದ್ದು. ಬೇವಿನ ಕಡ್ಡಿಯಲ್ಲಿ ಸಾಲಾಗಿರುವ ಹಸಿರು ತುಣುಕುಗಳ ಬುಡದಲ್ಲಿ ಮೊಗ್ಗು ಹುಡುಕಿದರೆ ಸಿಗದು. ಇಡೀ ಕಡ್ಡಿ ಮರಕ್ಕೆ ಸೇರುವಲ್ಲಿ ಮೊಗ್ಗು ಇದೆ. ಹಾಗಾದರೆ ಇಡೀ ಕಡ್ಡಿಯೇ ಒಂದು ಎಲೆ, ತುಣುಕುಗಳು ಕಿರುಎಲೆಗಳು. ಗಿಡ ಗುರುತಿಸಲು ಹೊರಟವರು ಮೊದಲ ಹೆಜ್ಜೆಯಲ್ಲೇ ಎಡವುವುದು ಇಲ್ಲಿ. ಸಂಯುಕ್ತ ಎಲೆಯನ್ನು ಸರಳ ಎಲೆ ಎಂದುಕೊಂಡರೆ ಮುಂದಿನ ಪ್ರಶ್ನೆಗಳಿಗೆಲ್ಲ ತಪ್ಪು ಉತ್ತರವೇ ಬರುತ್ತದೆ.

ಪ್ರಾಣಿಗಳಲ್ಲಿ ಎಣಿಕೆ ಶುರುವಾಗುವುದು ಮುಂಡದಿಂದ. ಭುಜದಿಂದ ಹೊರಟರೆ ಮೊದಲು ಒಂದು ಮೂಳೆ, ಆಮೇಲೆ ಎರಡು, ಆಮೇಲೆ ಮಣಿಕಟ್ಟಿನ ಸಣ್ಣ ಮೂಳೆಗಳು, ಅಂಗೈ, ಬೆರಳು. ಈ ಕ್ರಮ ಹಿಡಿದು ಹೋದರೆ ಕುದುರೆಯ ಮುಂಗಾಲಿನ ‘ಮೊಣಕಾಲು’ ವಾಸ್ತವವಾಗಿ ಮಣಿಕಟ್ಟು, ಅದು ನಿಂತಿರುವುದು ಒಂದೇ ಬೆರಳಿನ, ಮೂರನೆಯ ಬೆರಳಿನ, ತುದಿಯ ಮೇಲೆ. ಹಕ್ಕಿಯ ಕಾಲಿನಲ್ಲಿ ಹಿಂದಕ್ಕೆ ಬಾಗಿದಂತೆ ಕಾಣುವುದು ಮೊಣಕಾಲಲ್ಲ, ಹರಡಿನ ಕೀಲು. ಮೊಣಕಾಲು ಗರಿಗಳ ಮರೆಯಲ್ಲಿದೆ. ಜಿರಾಫೆಯ ಕತ್ತಿನಲ್ಲಿ ಮನುಷ್ಯನ ಕತ್ತಿನಲ್ಲಿರುವಷ್ಟೇ, ಅಂದರೆ 7, ಮೂಳೆಗಳಿವೆ. ಒಂದೊಂದೂ ಗೇಣುದ್ದಕ್ಕಿಂತ ಹೆಚ್ಚು, ಅಷ್ಟೇ. ಸಸ್ತನಿಗಳಲ್ಲಿ ಈ ಏಳರ ಲೆಕ್ಕ ತಪ್ಪಿಸಿದವು ಮರಗಳಲ್ಲಿ ತೂಗಾಡುವ ಸ್ಲಾತ್‌ಗಳು ಮತ್ತು ನೀರಿನಲ್ಲಿ ಬದುಕುವ ಮ್ಯಾನಟಿಗಳು ಮಾತ್ರ ಎನ್ನಬಹುದು.

1843ರಲ್ಲಿ ಬ್ರಿಟಿಷ್ ಅಂಗರಚನಾಶಾಸ್ತ್ರಜ್ಞ ರಿಚರ್ಡ್ ಓವೆನ್ ಇದಕ್ಕೆ ಎರಡು ಪರಿಭಾಷೆಗಳನ್ನು ಖಚಿತಪಡಿಸಿದ. ಆಕಾರ, ಕೆಲಸ ಏನೇ ಬದಲಾದರೂ ಬೇರೆ ಬೇರೆ ಪ್ರಾಣಿಗಳಲ್ಲಿ ಅದೇ ಆಗಿರುವ ಅಂಗ ರಚನಾನುರೂಪಿ. ರಚನೆ ಬೇರೆಯಾಗಿ ಕೆಲಸ ಮಾತ್ರ ಒಂದಾಗಿದ್ದರೆ ಕಾರ್ಯಾನುರೂಪಿ. ಪಠ್ಯಪುಸ್ತಕಗಳು ಇಷ್ಟಕ್ಕೇ ನಿಲ್ಲಿಸುವುದರಿಂದ ಒಂದು ಸೂಕ್ಷ್ಮ ತಪ್ಪಿಹೋಗುತ್ತದೆ. ಬಾವಲಿಯ ರೆಕ್ಕೆ ಮತ್ತು ಹಕ್ಕಿಯ ರೆಕ್ಕೆ ರಚನಾನುರೂಪಿಗಳೇ? ಮುಂಗಾಲುಗಳಾಗಿ ನೋಡಿದರೆ ಹೌದು, ಅವೇ ಮೂಳೆಗಳು. ರೆಕ್ಕೆಗಳಾಗಿ ನೋಡಿದರೆ ಅಲ್ಲ. ಬಾವಲಿ ಉದ್ದವಾದ ನಾಲ್ಕು ಬೆರಳುಗಳ ನಡುವೆ ಚರ್ಮ ಹರಡಿಕೊಂಡಿದೆ, ಹಕ್ಕಿ ಬೆರಳುಗಳನ್ನು ಕುಗ್ಗಿಸಿ ಗರಿಗಳನ್ನು ಬೆಳೆಸಿಕೊಂಡಿದೆ, ಅಳಿದುಹೋದ ಹಾರುವ ಸರೀಸೃಪಗಳಾದ ಟೆರೊಸಾರ್‌ಗಳು ಒಂದೇ ಬೆರಳನ್ನು, ನಾಲ್ಕನೆಯದನ್ನು, ಉದ್ದ ಮಾಡಿಕೊಂಡಿದ್ದವು. ಮೂರೂ ಹಾರಿದವು, ಮೂರೂ ಬೇರೆ ದಾರಿಯಲ್ಲಿ. ‘ಯಾವುದಾಗಿ?’ ಎಂದು ಕೇಳದೆ ‘ಎರಡೂ ಒಂದೇನಾ?’ ಎಂದು ಕೇಳಿದರೆ ಆ ಪ್ರಶ್ನೆಗೆ ಉತ್ತರವಿಲ್ಲ.

ಜರ್ಮನ್ ಪ್ರಾಣಿಶಾಸ್ತ್ರಜ್ಞ ಅಡಾಲ್ಫ್ ರೆಮಾನೆ 1952ರಲ್ಲಿ ಈ ಗುರುತಿಸುವ ಕೆಲಸಕ್ಕೆ ಮೂರು ಒರೆಗಳನ್ನು ಕೊಟ್ಟ: ಒಟ್ಟು ವಿನ್ಯಾಸದಲ್ಲಿ ಅದೇ ಸ್ಥಾನ, ಆಕಸ್ಮಿಕವಾಗಿ ಬರಲಾರದಷ್ಟು ಸೂಕ್ಷ್ಮವಾದ ಒಳಹೋಲಿಕೆ, ಮತ್ತು ಎರಡು ರೂಪಗಳನ್ನು ಜೋಡಿಸುವ ನಡುವಿನ ರೂಪಗಳು. ಮೂರನೆಯದರ ಬಲ ಗೊತ್ತಾಗುವುದು ನಮ್ಮ ಕಿವಿಯಲ್ಲಿ. ಸಸ್ತನಿಗಳ ನಡುಗಿವಿಯಲ್ಲಿ ಮೂರು ಪುಟ್ಟ ಮೂಳೆಗಳಿವೆ, ಸರೀಸೃಪಗಳಲ್ಲಿ ಒಂದೇ. ಉಳಿದೆರಡು ಎಲ್ಲಿಂದ ಬಂದವು? 1837ರಲ್ಲಿ ಕಾರ್ಲ್ ರೈಕರ್ಟ್ ಭ್ರೂಣಗಳನ್ನು ಹಂತಹಂತವಾಗಿ ನೋಡಿ, ಅವು ಸರೀಸೃಪಗಳ ದವಡೆಯ ಕೀಲಿನ ಎರಡು ಮೂಳೆಗಳೇ ಎಂದ. ದವಡೆಯ ಕೀಲು ಕಿವಿಯೊಳಗೆ ಹೋಗುವುದೆಂದರೆ ನಡುವೆ ಪ್ರಾಣಿ ಅಗಿಯುವುದು ಹೇಗೆ ಎಂಬ ಅನುಮಾನ ಸಹಜ. ಸುಮಾರು 20 ಕೋಟಿ ವರ್ಷ ಹಿಂದಿನ ಮಾರ್ಗನ್ಯುಕೊಡಾನ್ ಎಂಬ ಪುಟ್ಟ ಪ್ರಾಣಿಯ ಪಳೆಯುಳಿಕೆ ಉತ್ತರ ಕೊಟ್ಟಿತು. ಅದಕ್ಕೆ ಹಳೆಯ ಕೀಲೂ ಇತ್ತು, ಹೊಸ ಕೀಲೂ ಇತ್ತು.

ಸ್ಥಾನಕ್ಕೆ ಏಕಿಷ್ಟು ಮಹತ್ವ

ಬೆಳೆಯುತ್ತಿರುವ ಜೀವಿಯಲ್ಲಿ ‘ಇಲ್ಲಿ ಏನು ಬರಬೇಕು’ ಎಂಬುದು ಮೊದಲು ನಿರ್ಧಾರವಾಗುತ್ತದೆ, ಅದರ ಆಕಾರ ಆಮೇಲೆ. ಇದಕ್ಕೆ ಅತ್ಯಂತ ಸ್ವಚ್ಛವಾದ ಉದಾಹರಣೆ ಹೂವು. ಅರಾಬಿಡಾಪ್ಸಿಸ್ ಎಂಬ ಸಾಸಿವೆ ಕುಟುಂಬದ ಕಳೆಗಿಡದ ಹೂವಿನಲ್ಲಿ ಹೊರಗಿನಿಂದ ಒಳಕ್ಕೆ ನಾಲ್ಕು ಸುತ್ತುಗಳಿವೆ: 4 ಪುಷ್ಪಪತ್ರ (ಮೊಗ್ಗನ್ನು ಮುಚ್ಚಿರುವ ಹಸಿರು ದಳ), 4 ಎಸಳು, 6 ಕೇಸರ, ಒಂದಾಗಿ ಬೆಸೆದ 2 ಅಂಡಪತ್ರ (ಬೀಜ ಕಟ್ಟುವ ಭಾಗ). 1991ರಲ್ಲಿ ಎನ್ರಿಕೊ ಕೋಯೆನ್ ಮತ್ತು ಎಲಿಯಟ್ ಮೆಯೆರೊವಿಟ್ಜ್ ಮಂಡಿಸಿದ ಮಾದರಿಯ ಪ್ರಕಾರ ಈ ನಾಲ್ಕನ್ನೂ ಮೂರೇ ಬಗೆಯ ಜೀನ್‌ಗಳು ನಿರ್ಧರಿಸುತ್ತವೆ. ಅವನ್ನು ಎ, ಬಿ, ಸಿ ಎನ್ನೋಣ. ಎ ಒಂದೇ ಇದ್ದರೆ ಪುಷ್ಪಪತ್ರ, ಎ-ಬಿ ಕೂಡಿದರೆ ಎಸಳು, ಬಿ-ಸಿ ಕೂಡಿದರೆ ಕೇಸರ, ಸಿ ಒಂದೇ ಇದ್ದರೆ ಅಂಡಪತ್ರ. ಎ ಮತ್ತು ಸಿ ಒಂದನ್ನೊಂದು ತಡೆಯುತ್ತವೆ, ಒಂದು ಇಲ್ಲವಾದರೆ ಇನ್ನೊಂದು ಅದರ ಜಾಗಕ್ಕೂ ಹರಡುತ್ತದೆ.

ಈ ಮಾದರಿಯ ಸೊಗಸು ಏನೆಂದರೆ, ಕೆಟ್ಟಾಗ ಏನಾಗುತ್ತದೆ ಎಂಬುದನ್ನು ಅದು ಮೊದಲೇ ಹೇಳಬಲ್ಲದು. ಬಿ ಕೆಟ್ಟರೆ ಪುಷ್ಪಪತ್ರ, ಪುಷ್ಪಪತ್ರ, ಅಂಡಪತ್ರ, ಅಂಡಪತ್ರ. ಸಿ ಕೆಟ್ಟರೆ ಕೇಸರದ ಜಾಗದಲ್ಲಿ ಎಸಳು, ನಡುವೆ ಅಂಡಪತ್ರದ ಬದಲು ಮತ್ತೆ ಹೊಸ ಹೂವು: ಪುಷ್ಪಪತ್ರ, ಎಸಳು, ಎಸಳು, ಹೀಗೆ ಸುತ್ತುಸುತ್ತಾಗಿ. ತೋಟದ ಅನೇಕ ಸುತ್ತುಹೂಗಳ ದಟ್ಟ ಎಸಳುಗಳ ಹಿಂದೆ ಸಿ ಬಗೆಯ ಜೀನ್‌ಗಳ ಇಂಥ ಏರುಪೇರೇ ಇದೆ. ಮೂರೂ ಕೆಟ್ಟರೆ ನಾಲ್ಕು ಸುತ್ತುಗಳಲ್ಲೂ ಎಲೆಯಂಥವೇ ಬರುತ್ತವೆ. ಎಸಳು ಮಾರ್ಪಟ್ಟ ಎಲೆ ಎಂದು ಗಯಟೆ ಹೇಳಿದ್ದು ಸರಿ ಎಂದಾಯಿತು. ತಿರುಗಿಸಿಯೂ ನೋಡಿದ್ದಾರೆ. 2001ರಲ್ಲಿ ಎ, ಬಿ ಜೀನ್‌ಗಳ ಜೊತೆಗೆ ಸೆಪಲಾಟ ಎಂಬ ಇನ್ನೊಂದು ಬಗೆಯ ಜೀನನ್ನು ಎಲೆಯಲ್ಲಿ ಚಾಲೂ ಮಾಡಿದಾಗ ಎಲೆಗಳು ಎಸಳುಗಳಾದವು. ಎ, ಬಿ ಮಾತ್ರ ಚಾಲೂ ಮಾಡಿದರೆ ಆಗುವುದಿಲ್ಲ. ಮೂಲ ಮಾದರಿಯಲ್ಲಿ ಬಿಟ್ಟುಹೋಗಿದ್ದ ಕೊಂಡಿ ಅದೇ.

ನೊಣಗಳಲ್ಲಿ ಹೀಗೆ ಜಾಗದ ಗುರುತು ಹೇಳುವ ಜೀನ್‌ಗಳು ಕೆಟ್ಟಾಗ ಮೀಸೆಯ ಜಾಗದಲ್ಲಿ ಕಾಲು ಬರುತ್ತದೆ, ಎರಡು ರೆಕ್ಕೆಯ ಹಣ್ಣುನೊಣಕ್ಕೆ ನಾಲ್ಕು ರೆಕ್ಕೆ ಬರುತ್ತದೆ. ಎಡ್ವರ್ಡ್ ಲೂಯಿಸ್ ಇವನ್ನು ದಶಕಗಳ ಕಾಲ ಅಧ್ಯಯನ ಮಾಡಿದ, 1995ರ ನೊಬೆಲ್‌ನಲ್ಲಿ ಪಾಲು ಪಡೆದ. ನಾಲ್ಕು ರೆಕ್ಕೆಯ ನೊಣ ವಿಕಾರವಾಗಿ ಕಂಡರೂ ಒಂದು ವಿಷಯವನ್ನು ಬಯಲು ಮಾಡುತ್ತದೆ. ಮಾಮೂಲಿ ನೊಣದಲ್ಲಿ ಹಾರುವಾಗ ಸಮತೋಲ ಕಾಯುವ ಎರಡು ಗುಂಡುಕಡ್ಡಿಗಳಿವೆಯಲ್ಲ, ಅವು ಹಿಂದಿನ ಜೋಡಿ ರೆಕ್ಕೆಗಳೇ.

ಪದವನ್ನು ಎಲ್ಲಿ ಕತ್ತರಿಸಬೇಕು

ಭಾಷೆಯಲ್ಲಿ ಅಂಗದ ಬದಲು ಆಕೃತಿಮಾ: ಅರ್ಥವನ್ನೋ ವ್ಯಾಕರಣದ ಕೆಲಸವನ್ನೋ ಹೊತ್ತ ಅತಿ ಚಿಕ್ಕ ತುಂಡು. ಕತ್ತರಿಸುವ ವಿಧಾನ ಗೊತ್ತಿಲ್ಲದ ಭಾಷೆಯಲ್ಲಿ ಚೆನ್ನಾಗಿ ಕಾಣುತ್ತದೆ. ಸ್ವಾಹಿಲಿಯ ಮೂರು ಪದಗಳನ್ನು ನೋಡಿ. ನಿನಸೊಮ ಎಂದರೆ ‘ನಾನು ಓದುತ್ತೇನೆ’, ಉನಸೊಮ ‘ನೀನು ಓದುತ್ತೀಯ’, ಅನಸೊಮ ‘ಅವಳು ಓದುತ್ತಾಳೆ’. ಮೂರಕ್ಕೂ ಸಮಾನವಾದದ್ದು ‘ನಸೊಮ’. ಹಾಗಾದರೆ ‘ನಸೊಮ’ ಎಂದರೆ ಓದು ಎಂದು ಬರೆದುಕೊಂಡುಬಿಟ್ಟರೆ ತಪ್ಪು. ಇಷ್ಟೇ ಪದಗಳಿಂದ ಅದಕ್ಕಿಂತ ಒಳಗೆ ಕತ್ತರಿಸಲು ಆಧಾರವಿಲ್ಲ, ಅಷ್ಟೇ. ಈಗ ನಿಲಿಸೊಮ ‘ನಾನು ಓದಿದೆ’, ನಿತಸೊಮ ‘ನಾನು ಓದುವೆ’ ಸೇರಿಸಿ. ‘ನ’ ಕಳಚಿಕೊಂಡಿತು, ಅದು ವರ್ತಮಾನ. ‘ಲಿ’ ಭೂತ, ‘ತ’ ಭವಿಷ್ಯ, ‘ಸೊಮ’ ಧಾತು. ಇನ್ನು ನೀವೇ ಊಹಿಸಬಹುದು: ‘ನೀನು ಓದಿದೆ’ ಎನ್ನಲು ಉಲಿಸೊಮ. ಸ್ವಾಹಿಲಿಯಲ್ಲಿ ಹಾಗೆಯೇ ಹೇಳುತ್ತಾರೆ. ನೋಡದ ಪದವನ್ನು ಸರಿಯಾಗಿ ಕಟ್ಟಿಕೊಟ್ಟರೆ ಮಾತ್ರ ವಿಂಗಡಣೆ ಪಾಸಾದಂತೆ.

ಕತ್ತರಿ ಬೀಳಬೇಕಾದ್ದು ಒಂದೇ ಒಂದು ಅಂಶದಲ್ಲಿ ವ್ಯತ್ಯಾಸವಿರುವ ಜೋಡಿಗಳ ನಡುವೆ. ‘ಮಾಡಿಸಿದಳು’ ತೆಗೆದುಕೊಳ್ಳಿ. ‘ಮಾಡಿಸಿದನು’ ಜೊತೆಗಿಟ್ಟರೆ ‘ಅಳು’ ಬಿಡುತ್ತದೆ. ‘ಮಾಡಿಸುವಳು’ ಜೊತೆಗಿಟ್ಟರೆ ಕಾಲದ ಗುರುತು ‘ದ’ ಬಿಡುತ್ತದೆ. ‘ಮಾಡಿದಳು’ ಜೊತೆಗಿಟ್ಟರೆ ‘ಇಸು’ ಬಿಡುತ್ತದೆ. ಮಾಡು, ಇಸು, ದ, ಅಳು. ನಾವು ಇಲ್ಲಿ ಮುಗ್ಗರಿಸುವುದು ಲಿಪಿಯ ಕಾರಣಕ್ಕೆ. ಕನ್ನಡ ಅಕ್ಷರ ವ್ಯಂಜನ, ಸ್ವರ ಎರಡನ್ನೂ ಒಟ್ಟಿಗೆ ಹಿಡಿದಿರುತ್ತದೆ, ಆದರೆ ಆಕೃತಿಮಾದ ಗಡಿ ಅನೇಕ ಸಲ ಅಕ್ಷರದ ಒಳಗೇ ಹಾದುಹೋಗುತ್ತದೆ. ‘ಮಾಡಿಸಿದಳು’ ಪದದ ‘ಡಿ’ಯಲ್ಲಿ ಡ್ ಧಾತುವಿನದು, ಇ ಪ್ರತ್ಯಯದ್ದು. ‘ಮನೆಗಳಿಂದ’ ಪದದ ‘ಳಿ’ ಕೂಡ ಹಾಗೆಯೇ ಇಬ್ಭಾಗ. ಆದ್ದರಿಂದ ಕತ್ತರಿಸುವ ಮುನ್ನ ಪದವನ್ನು ಧ್ವನಿಗಳಾಗಿ ಬಿಡಿಸಿ ಬರೆದುಕೊಳ್ಳಬೇಕು. ಕಂಪ್ಯೂಟರ್‌ನಲ್ಲಿ ಹುಡುಕುವವರಿಗೂ ಇದು ತಟ್ಟುತ್ತದೆ. ಕಡತದಲ್ಲಿ ‘ಊರು’ ಎಂದು ಹುಡುಕಿದರೆ ‘ಊರಿನಲ್ಲಿ’ ಸಿಗುವುದಿಲ್ಲ, ಏಕೆಂದರೆ ಉಕಾರದ ಗುರುತು ಅಲ್ಲಿಲ್ಲ. ಕೊನೆಯ ಸ್ವರ ಬಿಟ್ಟು ‘ಊರ’ ಎಂದು ಕೊಟ್ಟರೆ ಸಾಮಾನ್ಯವಾಗಿ ಎರಡೂ ಸಿಗುತ್ತವೆ.

ಮುಂದಿನ ತೊಡಕು, ಒಂದೇ ಆಕೃತಿಮಾ ಹಲವು ವೇಷಗಳಲ್ಲಿ ಬರುವುದು. ಮನೆಗೆ, ಮರಕ್ಕೆ, ಊರಿಗೆ, ಹುಡುಗನಿಗೆ. ಗೆ, ಕ್ಕೆ, ಇಗೆ ಇವು ಬೇರೆ ಬೇರೆ ಪ್ರತ್ಯಯಗಳೋ ಒಂದರ ರೂಪಗಳೋ? ಒಂದು ಬರುವ ಕಡೆ ಇನ್ನೊಂದು ಬರುವುದೇ ಇಲ್ಲ, ಅರ್ಥ ಮಾತ್ರ ಒಂದೇ. ಹಾಗಿದ್ದರೆ ಒಂದೇ ಆಕೃತಿಮಾದ ರೂಪಭೇದಗಳು, ಭಾಷಾಶಾಸ್ತ್ರದಲ್ಲಿ ಆಲೊಮಾರ್ಫ್‌ಗಳು. ಯಾವುದು ಎಲ್ಲಿ ಎಂಬುದನ್ನು ಕೊನೆಯ ಧ್ವನಿ ನೋಡಿ ಬಹುಪಾಲು ಹೇಳಬಹುದು: ಇ, ಎ ಕೊನೆಯಲ್ಲಿದ್ದರೆ ಗೆ, ಉ ಇದ್ದರೆ ಇಗೆ, ನಪುಂಸಕದ ಅ ಇದ್ದರೆ ಕ್ಕೆ. ಪೂರ್ತಿ ಹೇಳಲಾಗದು. ‘ಮುತ್ತು’ ಮತ್ತು ‘ಹತ್ತು’ ಒಂದೇ ಧ್ವನಿಯಲ್ಲಿ ಮುಗಿದರೂ ಮುತ್ತಿಗೆ, ಹತ್ತಕ್ಕೆ. ಸಂಖ್ಯಾಪದಗಳು ಬೇರೆ ಗುಂಪು, ಅಲ್ಲಿ ಧ್ವನಿಯ ನಿಯಮ ನಡೆಯದು.

ಯಾವ ಅರ್ಥವೂ ಇಲ್ಲದ ತುಂಡುಗಳೂ ಉಂಟು. ಮರದಿಂದ, ಮರದಲ್ಲಿ, ಮರದ: ನಡುವಿನ ‘ದ’ ಏನು ಹೇಳುತ್ತದೆ? ಏನೂ ಇಲ್ಲ. ನಮ್ಮ ವ್ಯಾಕರಣಗಳು ಇದನ್ನು ಆಗಮ ಎನ್ನುತ್ತವೆ. ‘ಮನೆಯಿಂದ’ ಪದದ ‘ಯ’ವನ್ನೂ ಆಗಮ ಎಂದೇ ಕರೆಯುತ್ತೇವೆ, ಆದರೆ ಈ ಎರಡನ್ನು ಒಂದೇ ಗಂಟಿಗೆ ಕಟ್ಟಬಾರದು ಎಂಬುದು ನಮ್ಮ ಅಭಿಪ್ರಾಯ. ಒರೆಹಚ್ಚಲು ಸುಲಭ. ಒತ್ತಿ ಹೇಳುವ ‘ಏ’ ಸೇರಿಸಿ ನೋಡಿ. ‘ಮನೆಯೇ’ ಎನ್ನುವಾಗ ಯ ಬರುತ್ತದೆ, ‘ಮರ’ಕ್ಕೆ ಸೇರಿಸಿದರೆ ‘ಮರವೇ’, ‘ಮರದೇ’ ಅಲ್ಲ. ಯ, ವ ಎರಡು ಸ್ವರ ಡಿಕ್ಕಿ ಹೊಡೆದಲ್ಲೆಲ್ಲ ತಾವಾಗಿ ನುಸುಳುತ್ತವೆ, ಅವು ಉಚ್ಚಾರದ ಸಂಗತಿ. ‘ದ’ ಬರುವುದು ಆಯ್ದ ವಿಭಕ್ತಿಗಳ ಮುಂದೆ ಮಾತ್ರ, ಅದು ಪದರಚನೆಯ ಸಂಗತಿ.

ತಪ್ಪುವುದು ಎಲ್ಲಿ

‘ತಿಂಗಳು’ ಪದಕ್ಕೆ ಬರೋಣ. ‘ಗಳು’ ಕತ್ತರಿಸಿದರೆ ಉಳಿಯುವ ‘ತಿನ್’ಗೆ ಈ ಅರ್ಥದಲ್ಲಿ ಅಸ್ತಿತ್ವವಿಲ್ಲ. ಇದೊಂದೇ ಕಾರಣ ಸಾಲದು, ಏಕೆ ಎಂಬುದನ್ನು ಮುಂದೆ ನೋಡೋಣ. ಗಟ್ಟಿಯಾದ ಕಾರಣ ಎರಡು. ‘ತಿಂಗಳು ಕಳೆಯಿತು’ ಎನ್ನುತ್ತೇವೆ, ಕ್ರಿಯಾಪದ ಏಕವಚನದಲ್ಲಿದೆ. ಬಹುವಚನ ಬೇಕಾದಾಗ ‘ತಿಂಗಳುಗಳು’ ಎಂದು ಇನ್ನೊಂದು ‘ಗಳು’ ಸೇರಿಸುತ್ತೇವೆ. ಬಹುವಚನದ ಜಾಗ ಖಾಲಿ ಇತ್ತು ಎಂದೇ ಇದರ ಅರ್ಥ.

ಉಳಿದ ತುಂಡಿಗೆ ಅರ್ಥವಿಲ್ಲ ಎಂಬುದು ಏಕೆ ಸಾಲದು ಎಂದರೆ, ಒಂಟಿಯಾಗಿ ಎಂದೂ ಬಾರದ ತುಂಡುಗಳು ಭಾಷೆಯಲ್ಲಿ ಬೇಕಾದಷ್ಟಿವೆ. ಈರುಳ್ಳಿ, ಬೆಳ್ಳುಳ್ಳಿ ಎರಡರಲ್ಲೂ ‘ಉಳ್ಳಿ’ ಇದೆ, ಇಂದಿನ ಮಾತಿನಲ್ಲಿ ಅದನ್ನು ಬಿಡಿಯಾಗಿ ಬಳಸುವವರು ವಿರಳ. ಮುಂಗಾರು, ಹಿಂಗಾರುಗಳಲ್ಲಿ ‘ಮುನ್’, ‘ಹಿನ್’ ಕಳಚಿದರೆ ಮಳೆಯ ಕಾಲ ಎಂಬರ್ಥದ ‘ಕಾರು’ ಉಳಿಯುತ್ತದೆ. ಒಂಟಿಯಾಗಿ ‘ಕಾರು’ ಎಂದರೆ ಇಂದು ವಾಹನ ನೆನಪಾಗುತ್ತದೆಯೇ ಹೊರತು ಮಳೆಯಲ್ಲ. ಆದರೂ ಇಲ್ಲಿ ಕತ್ತರಿಸುವುದು ನ್ಯಾಯ, ಏಕೆಂದರೆ ಒಂದಕ್ಕಿಂತ ಹೆಚ್ಚು ಪದಗಳಲ್ಲಿ ಅದೇ ಜಾಗದಲ್ಲಿ ಅದೇ ಅರ್ಥದೊಂದಿಗೆ ಬರುತ್ತದೆ.

ಒಂದೇ ಆಕಾರ, ಎರಡು ಅಂಗ: ಇದು ನಿಂಬೆಮುಳ್ಳು-ಗುಲಾಬಿಮುಳ್ಳಿನ ಭಾಷಾರೂಪ. ‘ಓದಿಸು’, ‘ರಕ್ಷಿಸು’ ಎರಡರಲ್ಲೂ ಇಸು ಇದೆ. ‘ಓದು’ ಎಂಬ ಕ್ರಿಯಾಪದ ಮೊದಲೇ ಇದೆ, ಇಸು ಸೇರಿದಾಗ ಓದುವವನ ಜೊತೆಗೆ ಓದುವಂತೆ ಮಾಡುವವನೂ ವಾಕ್ಯಕ್ಕೆ ಬರುತ್ತಾನೆ. ‘ರಕ್ಷು’ ಎಂಬ ಕ್ರಿಯಾಪದವಿಲ್ಲ. ಅಲ್ಲಿ ಇಸು ಸಂಸ್ಕೃತದ ಧಾತುವನ್ನು ಕನ್ನಡದ ಕ್ರಿಯಾಪದವಾಗಿಸುವ ಕೆಲಸ ಮಾತ್ರ ಮಾಡುತ್ತಿದೆ. ಇನ್ನೂ ನಾಜೂಕಾದದ್ದು ‘ಮಾಡಿದ’. ‘ಅವನು ಮಾಡಿದ’ ಮತ್ತು ‘ಅವನು ಮಾಡಿದ ಕೆಲಸ’ ಇವುಗಳಲ್ಲಿ ಅಕ್ಷರಕ್ಕೆ ಅಕ್ಷರ ಒಂದೇ ಪದ. ‘ಅವನು’ ತೆಗೆದು ‘ಅವಳು’ ಹಾಕಿ. ಮೊದಲನೆಯದು ‘ಮಾಡಿದಳು’ ಆಗುತ್ತದೆ, ಎರಡನೆಯದು ಹಾಗೇ ಉಳಿಯುತ್ತದೆ. ಮೊದಲನೆಯದರ ಕೊನೆಯ ಅಕಾರ ‘ಅನು’ ಪ್ರತ್ಯಯದ ಮೊಟಕು, ಎರಡನೆಯದು ಕೃದಂತದ ಗುರುತು.

ಹಳೆಯ ರಚನೆಯ ಅವಶೇಷಗಳೂ ಪದಗಳಲ್ಲಿ ಉಳಿದಿರುತ್ತವೆ. ಹೆಮ್ಮರ, ಹೆದ್ದಾರಿ, ಹೆಬ್ಬಾಗಿಲು: ‘ಹಿರಿದು’ ಎಂಬುದರ ‘ಹೆ’ ಸೇರಿ ಮುಂದಿನ ವ್ಯಂಜನ ಇಮ್ಮಡಿಯಾಗಿದೆ. ಈ ಲೆಕ್ಕದಲ್ಲಿ ‘ಹಾವು’ ಸೇರಿದಾಗ ಬಕಾರ ಎಲ್ಲಿಂದ ಬಂತು, ‘ಹೆಬ್ಬಾವು’ ಏಕಾಯಿತು? ಹಳಗನ್ನಡದಲ್ಲಿ ಹಾವು ‘ಪಾವು’ ಆಗಿತ್ತು, ಸಮಾಸದ ನಡುವೆ ಪ ಬ ಆಗುವುದು ಅಂದಿನ ಸಂಧಿ. ಪದದ ಮೊದಲಲ್ಲಿದ್ದ ಪಕಾರ ಕಾಲಾಂತರದಲ್ಲಿ ಹಕಾರವಾಯಿತು, ಸಮಾಸದೊಳಗೆ ಬಚ್ಚಿಟ್ಟುಕೊಂಡಿದ್ದ ಬಕಾರಕ್ಕೆ ಆ ಬದಲಾವಣೆ ಮುಟ್ಟಲಿಲ್ಲ. ‘ಹೆಬ್ಬುಲಿ’ಯದೂ ಇದೇ ಕಥೆ. ಇಂದಿನ ರೂಪವನ್ನು ಮಾತ್ರ ನೋಡಿ ನಿಯಮ ಕಟ್ಟಲು ಹೊರಟರೆ ಇಂಥವು ಅಪವಾದಗಳಾಗಿ ಕಾಣುತ್ತವೆ.

ತುಂಡುಗಳ ಸರದಿಗೂ ಕಟ್ಟುಪಾಡಿದೆ. ಹೊಸ ಪದ ಮಾಡುವ ಪ್ರತ್ಯಯ ಧಾತುವಿಗೆ ಹತ್ತಿರ, ವಚನ ಅದರಾಚೆ, ವಿಭಕ್ತಿ ಕೊನೆಗೆ: ಕಳ್ಳ, ಕಳ್ಳತನ, ಕಳ್ಳತನಗಳು, ಕಳ್ಳತನಗಳಿಂದ. ಈ ಸಾಲನ್ನು ಕದಲಿಸಲಾಗದು. ಹೀಗೆ ಒಂದು ತುಂಡಿಗೆ ಒಂದು ಅರ್ಥದಂತೆ ಸಾಲಾಗಿ ಪೋಣಿಸುವ ಭಾಷೆಗಳಲ್ಲಿ ಕನ್ನಡವೂ ತುರ್ಕಿಯೂ ಸೇರುತ್ತವೆ. ತುರ್ಕಿಯ ‘ಎವ್-ಲೆರ್-ಇಮಿಜ್-ದೆನ್’ ಎಂದರೆ ಮನೆ-ಗಳು-ನಮ್ಮ-ಇಂದ. ಲ್ಯಾಟಿನ್‌ನ ‘ಅಮೋ’ ಪದದ ಕೊನೆಯ ಓಕಾರ ಒಂದರಲ್ಲೇ ಉತ್ತಮಪುರುಷ, ಏಕವಚನ, ವರ್ತಮಾನ ಎಲ್ಲವೂ ಬೆಸೆದಿವೆ, ಅದನ್ನು ಇನ್ನು ಕತ್ತರಿಸಲಾಗದು. ಅರಬ್ಬಿಯಲ್ಲಿ ಕ-ತ-ಬ ಎಂಬ ಮೂರು ವ್ಯಂಜನಗಳ ನಡುವೆ ಸ್ವರಗಳನ್ನು ಹೆಣೆದು ಕಿತಾಬ್ (ಪುಸ್ತಕ), ಕಾತಿಬ್ (ಬರೆಯುವವನು), ಮುಂದೆ ಮ ಸೇರಿಸಿ ಮಕ್ತಬ್ (ಬರೆಯುವ ಜಾಗ) ಮಾಡುತ್ತಾರೆ. ಅಲ್ಲಿ ಎಡದಿಂದ ಬಲಕ್ಕೆ ಕತ್ತರಿಸುತ್ತಾ ಹೋದರೆ ಏನೂ ದಕ್ಕುವುದಿಲ್ಲ.

ಹೋಲಿಕೆ ಎಲ್ಲಿ ನಿಲ್ಲುತ್ತದೆ

ಮೂಳೆ ಭಾರ ಹೊರಬೇಕು, ಪದ ಹೊರಬೇಕಿಲ್ಲ. ಪ್ರಾಣಿಯ ಉದ್ದಗಲ ಎತ್ತರ ಎರಡು ಪಟ್ಟಾದರೆ ತೂಕ 8 ಪಟ್ಟು, ಮೂಳೆಯ ಅಡ್ಡಕೊಯ್ತದ ವಿಸ್ತೀರ್ಣ 4 ಪಟ್ಟು ಮಾತ್ರ. ಆದ್ದರಿಂದ ದೊಡ್ಡ ಪ್ರಾಣಿಯ ಮೂಳೆ ಅನುಪಾತ ಮೀರಿ ದಪ್ಪವಾಗಲೇಬೇಕು. ಗೆಲಿಲಿಯೊ 1638ರಲ್ಲೇ ಇದನ್ನು ಬರೆದಿದ್ದ. ಪದಕ್ಕೆ ಇಂಥ ಭೌತಿಕ ಒತ್ತಡವಿಲ್ಲ, ಬಳಕೆಯ ಒತ್ತಡವಿದೆ. ನಿಲ್ಲು-ನಿಂತ, ಗೆಲ್ಲು-ಗೆದ್ದ, ಕೊಲ್ಲು-ಕೊಂದ: ಒಂದೇ ಕೊನೆ, ಮೂರು ದಾರಿ. ಬರು-ಬಂದ, ಹೋಗು-ಹೋದ, ಕೊಡು-ಕೊಟ್ಟ, ಬೀಳು-ಬಿದ್ದ ಇವೂ ನಿಯಮಕ್ಕೆ ಸಿಗದವು. ಇವೆಲ್ಲ ದಿನಕ್ಕೆ ಹತ್ತಾರು ಸಲ ಕಿವಿಗೆ ಬೀಳುವ ಪದಗಳು. ಅಷ್ಟು ಸಲ ಕೇಳಿದ್ದರಿಂದಲೇ ಮಗು ಅವನ್ನು ಇಡಿಯಾಗಿ ಕಲಿಯುತ್ತದೆ, ನಿಯಮದ ಅಚ್ಚಿಗೆ ಹಾಕುವುದಿಲ್ಲ. ಅಪರೂಪದ ಕ್ರಿಯಾಪದಗಳಿಗೆ ಆ ರಕ್ಷಣೆಯಿಲ್ಲ, ಅವು ‘ಇದ’ ಸೇರುವ ಸಾಲಿಗೆ ಬಂದುಬಿಡುತ್ತವೆ. ಇನ್ನೊಂದು ವ್ಯತ್ಯಾಸ: ಕುದುರೆ ಹಕ್ಕಿಯಿಂದ ಗರಿ ಎರವಲು ಪಡೆಯಲಾರದು, ಭಾಷೆಗಳು ಪದವನ್ನಷ್ಟೇ ಅಲ್ಲ, ಪ್ರತ್ಯಯಗಳನ್ನೂ ಎರವಲು ಪಡೆಯುತ್ತವೆ.

ಗೆರೆ ಎಳೆಯಲಾಗದ ಕಡೆ

ಯುಟ್ರಿಕ್ಯುಲೇರಿಯ ಎಂಬ ಕೀಟಾಹಾರಿ ಗಿಡಗಳಲ್ಲಿ ಬೇರು, ಕಾಂಡ, ಎಲೆ ಎಂಬ ವಿಂಗಡಣೆಯೇ ನಿಲ್ಲುವುದಿಲ್ಲ. ಎಲೆ ಎಂದುಕೊಂಡದ್ದರ ಮೇಲೆ ಕಾಂಡ ಹುಟ್ಟುತ್ತದೆ, ಕಾಂಡ ಎಂದುಕೊಂಡದ್ದು ಎಲೆಯಂತೆ ಬೆಳೆದು ನಿಲ್ಲುತ್ತದೆ. ಎಲೆ ಎಂಬುದು ಅರೆಬೆಳೆದ ರೆಂಬೆ ಎಂದು ಬ್ರಿಟನ್ನಿನ ಸಸ್ಯಶಾಸ್ತ್ರಜ್ಞೆ ಆಗ್ನೆಸ್ ಆರ್ಬರ್ ವಾದಿಸಿದ್ದಳು. ಆಮೇಲೆ ಸಸ್ಯಶಾಸ್ತ್ರಜ್ಞ ರೋಲ್ಫ್ ಸಾಟ್ಲರ್, ಈ ಅಂಗಗಳನ್ನು ಪೆಟ್ಟಿಗೆಗಳಾಗಿ ನೋಡದೆ ಒಂದು ನಿರಂತರ ಶ್ರೇಣಿಯ ಮೇಲಿನ ಬಿಂದುಗಳಾಗಿ ನೋಡಬೇಕು ಎಂದ. ಬಹುಪಾಲು ಗಿಡಗಳಿಗೆ ಹಳೆಯ ಪೆಟ್ಟಿಗೆಗಳೇ ಸಾಕು. ಆದರೆ ಸಾಲದ ಕಡೆ ಬಲವಂತವಾಗಿ ತುರುಕುವುದು ಒಳ್ಳೆಯ ಅಭ್ಯಾಸವಲ್ಲ.

ಪದ ಎಲ್ಲಿ ಮುಗಿಯುತ್ತದೆ ಎಂಬ ಪ್ರಶ್ನೆಯೂ ಹಾಗೆಯೇ. ‘ಮನೆಗೇ’, ‘ನಿನ್ನೆಯೇ’, ‘ಬಂದರೂ’, ‘ಅವನೋ’ ಇವುಗಳ ಏ, ಊ, ಓ ಪ್ರತ್ಯಯಗಳಂತೆ ಅಂಟಿಕೊಂಡಿವೆ. ಆದರೆ ಪ್ರತ್ಯಯಕ್ಕಿರುವ ಆಯ್ಕೆ ಇವಕ್ಕಿಲ್ಲ. ‘ಇಂದ’ ನಾಮಪದಕ್ಕೆ ಮಾತ್ರ ಸೇರುತ್ತದೆ, ‘ಏ’ ನಾಮಪದ, ಕ್ರಿಯಾಪದ, ಅವ್ಯಯ ಯಾವುದಕ್ಕೂ ಸೇರುತ್ತದೆ, ಅದೂ ವಿಭಕ್ತಿಯ ಆಚೆಗೆ. ಸ್ವತಂತ್ರ ಪದವಲ್ಲ, ಪೂರಾ ಪ್ರತ್ಯಯವೂ ಅಲ್ಲ. ಭಾಷಾಶಾಸ್ತ್ರದಲ್ಲಿ ಇವಕ್ಕೆ ಕ್ಲಿಟಿಕ್ ಎನ್ನುತ್ತಾರೆ.

ಮತ್ತೆ ಕೆಲವು ಗಡಿ ದಾಟುತ್ತಿರುವಾಗಲೇ ಸಿಕ್ಕಿಬೀಳುತ್ತವೆ. ‘ಮಾಡುತ್ತ ಇದ್ದಾನೆ’ ಎರಡು ಪದ. ‘ಮಾಡುತ್ತಿದ್ದಾನೆ’ ಬರವಣಿಗೆಯಲ್ಲಿ ಒಂದು. ‘ಮಾಡ್ತಿದಾನೆ’ ಎನ್ನುವಾಗ ‘ಇರು’ ಎಂಬ ಧಾತು ಇದರೊಳಗಿದೆ ಎಂಬುದು ಹೆಚ್ಚಿನ ಮಾತುಗಾರರ ಗಮನಕ್ಕೂ ಬರುವುದಿಲ್ಲ. ‘ಮಾಡಿ ಬಿಟ್ಟ’ ಎಂಬುದು ‘ಮಾಡ್ಬಿಟ್ಟ’ ಆದಾಗ ಬಿಡುವ ಕ್ರಿಯೆ ಯಾವುದೂ ಅಲ್ಲಿಲ್ಲ, ಕೆಲಸ ಪೂರ್ತಿ ಮುಗಿಯಿತು ಎಂಬ ಛಾಯೆ ಮಾತ್ರ ಇದೆ. ಅದೇ ಹೊತ್ತಿಗೆ ‘ಕೈ ಬಿಟ್ಟ’ ಎನ್ನುವಾಗ ‘ಬಿಡು’ ಹಳೆಯ ಅರ್ಥದಲ್ಲೇ ಓಡಾಡಿಕೊಂಡಿದೆ. ಹಳೆಯ ಕೀಲು, ಹೊಸ ಕೀಲು ಎರಡೂ ಒಟ್ಟಿಗೆ ಕೆಲಸ ಮಾಡುವ ಹಂತ ಇದು. ಇಂಥ ರೂಪವನ್ನು ವಿಂಗಡಿಸುವವರು ‘ಬಿಡು’ವನ್ನು ಧಾತು ಎಂದು ಬರೆಯುತ್ತಾರೋ ಪ್ರತ್ಯಯ ಎಂದೋ ಎಂಬುದಕ್ಕಿಂತ, ಯಾವ ವಾಕ್ಯದಲ್ಲಿ ಹಾಗೆ ಬರೆದೆವು ಎಂಬುದನ್ನು ಪಕ್ಕದಲ್ಲೇ ದಾಖಲಿಸಿದರೆ ಮುಂದೆ ಓದುವವರಿಗೆ ಉಪಯೋಗ.